ಓರೆ ಕಾಲಿನ ಸ್ಟೂಲು ಮಾಡೋರಿಗೆ: ಕಾಂಪೌಂಡ್ ಆ್ಯಂಗಲ್ ಲೆಕ್ಕ ಕೈಗೆ ಹತ್ತೋ ಥರ

ಸ್ಟೂಲಾಗ್ಲಿ ಬೆಂಚಾಗ್ಲಿ ಟೀಪಾಯಾಗ್ಲಿ, ನಾಲ್ಕು ಕಾಲು ನೆಟ್ಟಗೆ ನಿಲ್ಸೋದು ಮರಗೆಲಸ ಶುರು ಮಾಡಿದ ಕೆಲವೇ ದಿನಕ್ಕೆ ಬಂದ್ಬಿಡುತ್ತೆ. ಅದೇ ಕಾಲು ಹೊರಗಡೆಗೆ ಸ್ವಲ್ಪ ಓರೆಯಾಗಿ ಇಳೀಬೇಕು ಅಂದ ತಕ್ಷಣ ಒಳ್ಳೊಳ್ಳೆ ಕೈ ಇರೋರೂ ಹಿಂದೆ ಸರೀತಾರೆ. ಮೈಸೂರಲ್ಲಿ ಈಗ ಇದಕ್ಕೆ ಕೇಳೋರು ಜಾಸ್ತಿ, ಗೋಕುಲಂ ಕಡೆ ಯಾವುದೋ ಕೆಫೇಲಿ ಓರೆ ಕಾಲಿನ ಸ್ಟೂಲ್ ಮೇಲೆ ಕೂತು ಬಂದೋರು ಫೋಟೋ ತೋರ್ಸಿ ಇದೇ ಥರ ಬೇಕು ಆಚಾರ್ರೆ ಅಂತಾರೆ, ನಮ್ಮೋರು ಕಣ್ಣಂದಾಜಲ್ಲಿ ತೂತು ಹಾಕ್ತಾರೆ, ಮೂರು ಕಾಲು ಒಂದು ಥರ ನಾಲ್ಕನೇದು ಇನ್ನೊಂದು ಥರ ಆಗುತ್ತೆ. ಅಂದಾಜು ಬೇಕಾಗಿಲ್ಲ ಕಣ್ರೀ, ಇದ್ರ ಲೆಕ್ಕ ಹೈಸ್ಕೂಲ್ ಲೆಕ್ಕ ಅಷ್ಟೇ.

ಮೊದ್ಲು ಒಂದು ವಿಷಯ ತಲೇಲಿ ಗಟ್ಟಿಯಾಗಿ ಕೂರ್ಬೇಕು. ಮುಂದಿಂದ ನೋಡಿದ್ರೆ ಕಾಲು 10 ಡಿಗ್ರಿ ಪಕ್ಕಕ್ಕೆ ಓರೆ ಕಾಣುತ್ತೆ, ಪಕ್ಕದಿಂದ ನೋಡಿದ್ರೆ 10 ಡಿಗ್ರಿ ಮುಂದಕ್ಕೆ ಓರೆ ಕಾಣುತ್ತೆ, ಹಂಗಂತ ಕಾಲಿಗೆ ಎರಡು ಓರೆ ಇಲ್ಲ. ಕಾಲು ಒಂದೇ ದಿಕ್ಕಿಗೆ ಓರೆಯಾಗಿದೆ, ನಾವು ಎರಡು ಕಡೆಯಿಂದ ನೋಡ್ತಿರೋದ್ರಿಂದ ಎರಡಾಗಿ ಕಾಣ್ತಿದೆ. ಆ ಒಂದು ದಿಕ್ಕು ಯಾವುದು, ಆ ದಿಕ್ಕಲ್ಲಿ ಎಷ್ಟು ಓರೆ, ಇವೆರಡು ಗೊತ್ತಾದ್ರೆ ಕಾಂಪೌಂಡ್ ಆ್ಯಂಗಲ್, ಅಂದ್ರೆ ಎರಡು ಕಡೆಗೂ ಒಟ್ಟಿಗೆ ಓರೆ ಇರೋ ಆ್ಯಂಗಲ್, ಅನ್ನೋ ಭಯ ಅಲ್ಲಿಗೇ ಮುಗೀತು.

ನಂಬಿಕೆ ಬರ್ಲಿಲ್ಲ ಅಂದ್ರೆ ಒಂದು ಥರ್ಮಾಕೋಲ್ ತುಂಡು ತಗೊಂಡು ಅದಕ್ಕೆ ಊದುಬತ್ತಿ ಕಡ್ಡೀನ ಮೂಲೆ ಕಡೆಗೆ ವಾಲೋ ಹಂಗೆ ಚುಚ್ಚಿ. ಟೇಬಲ್ ಮೇಲಿಟ್ಟು ಕಣ್ಣನ್ನ ಟೇಬಲ್ ಮಟ್ಟಕ್ಕೆ ಇಳ್ಸಿ ಥರ್ಮಾಕೋಲನ್ನ ನಿಧಾನಕ್ಕೆ ತಿರುಗಿಸ್ತಾ ಹೋಗಿ, ಒಂದು ಕಡೆ ಬಂದಾಗ ಕಡ್ಡಿ ಪೂರ್ತಿ ನೆಟ್ಟಗೆ, ಓರೇನೇ ಇಲ್ಲ ಅನ್ನೋ ಥರ ಕಾಣುತ್ತೆ. ಅವಾಗ ನೀವು ನೋಡ್ತಿರೋ ಗೆರೆ ಇದ್ಯಲ್ಲ, ಅದೇ ಕಡ್ಡಿ ವಾಲಿರೋ ದಿಕ್ಕು, ಇದಕ್ಕೆ ಸೈಟ್‌ಲೈನ್ ಅಂತಾರೆ. ಅಲ್ಲಿಂದ ಇನ್ನೊಂದು 90 ಡಿಗ್ರಿ ತಿರುಗ್ಸಿ, ಈಗ ಕಾಣೋದು ನಿಜವಾದ ಓರೆ, ಮುಂದಿಂದ ನೋಡಿದಾಗ ಕಂಡಿದ್ದಕ್ಕಿಂತ ಜಾಸ್ತೀನೇ ಇರುತ್ತೆ. ಐದು ನಿಮಿಷದ ಕೆಲಸ, ದಯವಿಟ್ಟು ಒಂದ್ಸಲ ಮಾಡಿ ನೋಡಿ, ಯಾಕಂದ್ರೆ ಮುಂದೆ ಹೇಳೋದೆಲ್ಲ ಇದ್ರ ಮೇಲೇ ನಿಂತಿದೆ.

ಈಗ ಲೆಕ್ಕ. ಡಿಗ್ರಿಯಿಂದ ಶುರು ಮಾಡ್ಬೇಡಿ, ಎಂಎಂ ಇಂದ ಶುರು ಮಾಡಿ, ನನ್ನ ಪ್ರಕಾರ ಅರ್ಧ ಗೊಂದಲ ಹುಟ್ಟೋದೇ ಡಿಗ್ರಿ ಹಿಡ್ಕೊಂಡು ಕೂರೋದ್ರಿಂದ. 320 ಎಂಎಂ ಚೌಕದ ಸೀಟು, 40 ಎಂಎಂ ದಪ್ಪ, ನೆಲದಿಂದ ಸೀಟಿನ ತಳಕ್ಕೆ 400 ಎಂಎಂ ಅಂತ ಇಟ್ಕೊಳಿ. ಸೀಟಿನ ತಳದಲ್ಲಿ ಕಾಲಿನ ಸೆಂಟರ್ ಎರಡೂ ಅಂಚಿಂದ 60 ಎಂಎಂ ಒಳಗೆ. ಕೆಳಗೆ ಪಾದ ಎರಡು ಕಡೆಗೂ 70 ಎಂಎಂ ಹೊರಗೆ ಹೋಗ್ಲಿ, ಅಂದ್ರೆ ಪಾದದ ಸೆಂಟರು ಸೀಟಿನ ಅಂಚನ್ನ 10 ಎಂಎಂ ದಾಟಿ ನಿಲ್ಲುತ್ತೆ. ಸ್ಟೂಲಿಗೆ ಇದು ಒಳ್ಳೇ ಅಳತೆ, ಪಾದ ಸೀಟಿನ ಅಂಚಿಗಿಂತ ತುಂಬಾ ಒಳಗಿದ್ರೆ ಮಗು ಅಂಚಲ್ಲಿ ನಿಂತಾಗ ಸ್ಟೂಲ್ ಮಗುಚುತ್ತೆ, ತುಂಬಾ ಹೊರಗಿದ್ರೆ ಓಡಾಡೋರೆಲ್ಲ ಎಡವ್ತಾರೆ.

ಇಲ್ಲಿ ಮುಂದಿಂದ ಕಾಣೋ ಓರೆ 400ಕ್ಕೆ 70, ಪಕ್ಕದಿಂದ ಕಾಣೋದೂ 400ಕ್ಕೆ 70, ಡಿಗ್ರಿ ಲೆಕ್ಕದಲ್ಲಿ ಹತ್ತಿರ ಹತ್ತಿರ 10. ಪಾದ ನಿಜವಾಗ್ಲೂ ಎಷ್ಟು ದೂರ ಹೋಗಿದೆ ಅಂದ್ರೆ 70ಕ್ಕೆ 70ರ ಕರ್ಣ, ಅಂದ್ರೆ 99 ಎಂಎಂ. ಹಂಗಾಗಿ ನಿಜವಾದ ಓರೆ 400ಕ್ಕೆ 99. ಫೋನಿನ ಕ್ಯಾಲ್ಕುಲೇಟರಲ್ಲಿ ಸೈಂಟಿಫಿಕ್ ತೆಗೆದು ಡಿಗ್ರಿ ಮೋಡಲ್ಲಿದ್ಯಾ ನೋಡ್ಕೊಂಡು 99 ಭಾಗಿಸು 400, ಅದಕ್ಕೆ ಇನ್ವರ್ಸ್ ಟ್ಯಾನ್ (tan⁻¹ ಅಂತಿರೋ ಬಟನ್) ಹೊಡೀರಿ, 13.9 ಬರುತ್ತೆ. 10 ಅಲ್ಲ, 10 ಕೂಡಿಸು 10 ಇಪ್ಪತ್ತೂ ಅಲ್ಲ. ಈ ಎರಡು ತಪ್ಪು ನಾನು ಎಲ್ಲಾ ಕಡೆ ನೋಡ್ತೀನಿ, ಒಬ್ರು 10ಕ್ಕೆ ತೂತು ಹಾಕ್ತಾರೆ, ಕಾಲು ಮುದುರಿಕೊಂಡಂಗೆ ಆಗುತ್ತೆ, ಇನ್ನೊಬ್ರು 20ಕ್ಕೆ ಹಾಕ್ತಾರೆ, ಕಾಲು ನೆಲಕ್ಕೆ ಚಾಚ್ಕೊಳ್ಳುತ್ತೆ.

ಕ್ಯಾಲ್ಕುಲೇಟರೂ ಬೇಡ ಅನ್ನೋರು ಒಂದು ಪ್ಲೈ ಹಾಳೆ ಮೇಲೆ ಮೂಲೆಮಟ್ಟ ಇಟ್ಟು 70 ಅಡ್ಡ 70 ಉದ್ದ ಗೆರೆ ಎಳೆದು ಕರ್ಣ ಅಳೀರಿ, ಆಮೇಲೆ ಅದೇ ಕರ್ಣದುದ್ದ ಅಡ್ಡಕ್ಕೆ, 400 ಎತ್ತರಕ್ಕೆ ಇನ್ನೊಂದು ತ್ರಿಕೋನ ಬರೀರಿ. ಆ ಓರೆ ಗೆರೆಗೆ ಬೆವೆಲ್ ಗೇಜ್ (ಬೇಕಾದ ಓರೆಗೆ ತಿರುಗ್ಸಿ ಬಿಗಿ ಮಾಡೋ ಮಟ್ಟ) ಸೆಟ್ ಮಾಡ್ಕೊಂಡ್ರೆ ಮುಗೀತು, ಎಷ್ಟು ಡಿಗ್ರಿ ಅಂತ ಗೊತ್ತಾಗೋ ಅವಶ್ಯಕತೇನೇ ಇಲ್ಲ. ಮೇಲುಕೋಟೆ, ಶ್ರೀರಂಗಪಟ್ಟಣದ ಕಡೆ ಹಳೇ ತೊಟ್ಟಿ ಮನೆ ಒಳಗೆ ನಿಂತು ಮೇಲೆ ನೋಡಿದ್ರೆ ನಾಲ್ಕು ಕಡೆ ಸೂರು ತೊಟ್ಟಿ ಕಡೆಗೆ ಇಳಿದಿರುತ್ತೆ, ಎರಡು ಇಳಿಜಾರು ಸೇರೋ ಮೂಲೆಗೆ ಒಂದು ತೊಲೆ ಬಂದು ಕೂತಿರುತ್ತೆ, ಅದರದ್ದೂ ಇದೇ ಕರ್ಣದ ಲೆಕ್ಕ.

ಎರಡು ಕಡೆ ಓರೆ ಸಮ ಇದ್ದಾಗ ಈ ನಂಬರ್ ಗೋಡೆ ಮೇಲೆ ಬರ್ಕೊಂಡ್ರೆ ಸಾಕು: ಕಾಣೋ ಓರೆ 5 ಇದ್ರೆ ನಿಜವಾದ್ದು 7, 8 ಇದ್ರೆ 11.2, 10 ಇದ್ರೆ 14, 12 ಇದ್ರೆ 16.7, 15 ಇದ್ರೆ 20.8. ಸಣ್ಣ ಆ್ಯಂಗಲ್‌ಗಳಲ್ಲಿ ಹೆಚ್ಚೂಕಮ್ಮಿ ಒಂದೂ ನಾಲ್ಕು ಹತ್ತಾಂಶದಿಂದ ಗುಣಿಸಿದಂಗೆ ಅಷ್ಟೇ.

ಬೆಂಚಿಗೆ ಬಂದಾಗ ಎರಡು ಕಡೆ ಓರೆ ಸಮ ಇರಲ್ಲ, ಉದ್ದದ ಕಡೆಗೆ ಜಾಸ್ತಿ ಅಗಲದ ಕಡೆಗೆ ಕಮ್ಮಿ ಕೊಡ್ತೀವಿ. ಅದೇ 400 ಎತ್ತರಕ್ಕೆ ಉದ್ದದ ಕಡೆ 100, ಅಗಲದ ಕಡೆ 50 ಅಂತ ತಗೊಳಿ. ಮುಂದಿಂದ 14 ಡಿಗ್ರಿ, ಪಕ್ಕದಿಂದ 7.1. ಕರ್ಣ 111.8, ನಿಜವಾದ ಓರೆ 15.6 ಡಿಗ್ರಿ. ಇಲ್ಲಿ ದಿಕ್ಕು 45 ಅಲ್ಲ ಅನ್ನೋದು ಮುಖ್ಯ. ತುಂಬಾ ಜನ ಓರೆ ಕಾಲು ಅಂದ್ರೆ ಸೀಟಿನ ಮೂಲೆಯಿಂದ ಮಧ್ಯಕ್ಕೆ ಗೆರೆ ಎಳೆದು ಅದನ್ನೇ ದಿಕ್ಕು ಅಂತ ಹಿಡೀತಾರೆ, ಚೌಕದ ಸೀಟಿಗೆ ಅದು ಆಕಸ್ಮಿಕವಾಗಿ ಸರಿ ಹೋಗುತ್ತೆ, ಬೆಂಚಿಗೆ ಹೋಗಲ್ಲ. ದಿಕ್ಕು ಗುರ್ತು ಮಾಡೋಕೆ ಡಿಗ್ರಿ ಬೇಡ, ಬೆಂಚನ್ನ ಬೋರಲು ಹಾಕಿ ಕಾಲಿನ ಸೆಂಟರಿಂದ ಉದ್ದದ ಕಡೆ ಒಳಕ್ಕೆ 100, ಅಗಲದ ಕಡೆ ಒಳಕ್ಕೆ 50 ಅಳೆದು ಚುಕ್ಕೆ ಇಡಿ, ಆ ಚುಕ್ಕೆಗೂ ಸೆಂಟರಿಗೂ ಗೆರೆ ಎಳೆದು ಅದನ್ನ ಹೊರಗಡೆಗೂ ಮುಂದುವರ್ಸಿ. ಅದೇ ಸೈಟ್‌ಲೈನ್. ಅದು ಬೆಂಚಿನ ಮಧ್ಯಕ್ಕೆ ಹೋಗ್ದೆ ಎಲ್ಲೋ ಪಕ್ಕಕ್ಕೆ ಹೋದ್ರೆ ಗಾಬರಿ ಬೇಡ, ಹಂಗೇ ಹೋಗ್ಬೇಕು.

ಗುಂಡು ಕಾಲಾದ್ರೆ ಇನ್ನು ಉಳಿದಿದ್ದು ತೂತು ಹಾಕೋದು. ಡ್ರಿಲ್ ಪ್ರೆಸ್ (ಸ್ಟ್ಯಾಂಡಿಗೆ ಕೂರ್ಸಿದ, ನೆಟ್ಟಗೆ ಇಳಿಯೋ ಡ್ರಿಲ್) ಇದ್ರೆ ಪ್ಲೈಯಲ್ಲಿ ಒಂದು ಇಳಿಜಾರು ಮಾಡ್ಕೊಳಿ, ಸ್ಟೂಲಿನ ಲೆಕ್ಕಕ್ಕೆ ಅಡ್ಡಕ್ಕೆ 200 ಎಂಎಂ ಹೋದ್ರೆ 49.5 ಎಂಎಂ ಏರು. ಸೀಟನ್ನ ಬೋರಲಾಗಿ ಅದ್ರ ಮೇಲಿಟ್ಟು ಸೈಟ್‌ಲೈನ್ ಇಳಿಜಾರಿನ ಉದ್ದಕ್ಕೇ ಸರಿಯಾಗಿ ಬರೋ ಹಂಗೆ ಕೂರ್ಸಿ ಕ್ಲ್ಯಾಂಪ್ ಮಾಡಿ. ಯಾವ ಮೂಲೆಗೆ ತೂತು ಹಾಕ್ತಿದೀರೋ ಆ ಮೂಲೆ ಇಳಿಜಾರಿನ ಎತ್ತರದ ಕಡೆ ಇರ್ಬೇಕು, ಇದು ಉಲ್ಟಾ ಆದ್ರೆ ಕಾಲು ಒಳಮುಖ ಆಗ್ಬಿಡುತ್ತೆ, ಅದಕ್ಕೆ ಸೀಟಿನ ತಳದಲ್ಲಿ ಪ್ರತಿ ಮೂಲೇಲೂ ಪಾದ ಹೋಗೋ ಕಡೆಗೆ ಬಾಣದ ಗುರ್ತು ಪೆನ್ಸಿಲಲ್ಲಿ ಹಾಕ್ಕೊಂಡೇ ಶುರು ಮಾಡಿ.

ಕೈ ಡ್ರಿಲ್ಲಲ್ಲೇ ಮಾಡೋರು ಮೊದ್ಲು ಒಂದು 60 ಎಂಎಂ ದಪ್ಪದ ಗಟ್ಟಿ ಮರದ ತುಂಡಿಗೆ ಅದೇ 13.9ರ ಓರೆಗೆ ಒಂದು ತೂತು ಹಾಕಿಸ್ಕೊಂಡು ಬನ್ನಿ, ಯಾರ ಹತ್ರ ಡ್ರಿಲ್ ಪ್ರೆಸ್ ಇದ್ಯೋ ಅಲ್ಲಿ ಎರಡು ನಿಮಿಷದ ಕೆಲಸ. ತುಂಡಿನ ಮೇಲೆ ಕೆಳಗೆ ಎರಡೂ ಕಡೆ ತೂತಿನ ಸೆಂಟರ್ ಮೇಲೆ ಹಾದು ಹೋಗೋ ಗೆರೆ ಎಳೀರಿ, ಆ ಗೆರೇನ ಸೀಟಿನ ಸೈಟ್‌ಲೈನಿಗೆ ಹೊಂದ್ಸಿ ಕ್ಲ್ಯಾಂಪ್ ಹಾಕಿ ಅದರೊಳಗಿಂದಾನೇ ಬಿಟ್ ಇಳ್ಸಿ. ಬರೀ ಬೆವೆಲ್ ಗೇಜ್ ಪಕ್ಕದಲ್ಲಿಟ್ಟು ಕಣ್ಣಲ್ಲಿ ನೋಡ್ಕೊಂಡು ಹಾಕೋದೂ ಒಂದು ದಾರಿ, ಕುರ್ಚಿ ಮಾಡಿ ಪಳಗಿದೋರು ಹಂಗೇ ಮಾಡ್ತಾರೆ, ಆದ್ರೆ ಹೊಸಬರು ತುಂಡಿನ ದಾರೀನೇ ಹಿಡೀರಿ. ಯಾಕಂದ್ರೆ ಓರೇಲಿ ಒಂದು ಡಿಗ್ರಿ ತಪ್ಪಿದ್ರೆ ಕೆಳಗೆ ಪಾದ 7 ಎಂಎಂ ಆಚೆ ಈಚೆ ಆಗುತ್ತೆ, ದಿಕ್ಕಲ್ಲಿ ಒಂದು ಡಿಗ್ರಿ ತಪ್ಪಿದ್ರೆ 2 ಎಂಎಂ ಒಳಗೇ ಇರುತ್ತೆ. ಹಂಗಾಗಿ ಎಚ್ಚರಿಕೆ ಎಲ್ಲಾ ಓರೆ ಮೇಲಿರ್ಲಿ.

ತೂತು ಸೀಟಿನ ಮೇಲಕ್ಕೆ ಎಲ್ಲಿ ಬರುತ್ತೆ ಅಂತ ಮೊದ್ಲೇ ಗೊತ್ತಿರ್ಬೇಕು. 40 ಎಂಎಂ ದಪ್ಪ ದಾಟೋಷ್ಟರಲ್ಲಿ ಅದು ಎರಡು ಕಡೆಗೂ 7 ಎಂಎಂ ಒಳಗೆ ಸರ್ದಿರುತ್ತೆ, ಅಂದ್ರೆ ತಳದಲ್ಲಿ ಅಂಚಿಂದ 60 ಇದ್ದಿದ್ದು ಮೇಲೆ 67. ಮೇಲೆ ಕಾಲಿನ ತುದಿ ಕಾಣೋ ಡಿಸೈನ್ ಆದ್ರೆ ಆ 67ರ ಚುಕ್ಕೆ ಮೊದ್ಲೇ ಹಾಕಿಟ್ಕೊಳಿ, ಬಿಟ್ಟಿನ ಮೂತಿ ಅಲ್ಲೇ ಇಣುಕಿದ್ರೆ ನಿಮ್ಮ ಕೆಲಸ ಸರಿ ಇದೆ ಅಂತ ಅದೇ ಸಾಕ್ಷಿ. ಮೂತಿ ಇಣುಕಿದ ತಕ್ಷಣ ನಿಲ್ಸಿ ಮೇಲಿಂದ ಉಳಿದಿದ್ದು ಹಾಕಿ, ಇಲ್ಲಾಂದ್ರೆ ಮೇಲಿನ ಮುಖ ಸಿಬಿರು ಏಳುತ್ತೆ. ಮೇಲಿಂದ ಹಾಕುವಾಗ ಡ್ರಿಲ್ ಸೀಟಿನ ಮಧ್ಯದ ಕಡೆಗೆ ವಾಲಿರ್ಬೇಕು.

ಕಾಲಿನ ಉದ್ದ ಕೂಡ 400 ಅಲ್ಲ. ಓರೆ ಇರೋದ್ರಿಂದ ತಳದವರೆಗೆ 412, ಸೀಟಿನೊಳಗೆ ಇನ್ನೊಂದು 41, ಒಟ್ಟು 453. ನೀವು 485ಕ್ಕೆ ಕಟ್ ಮಾಡಿ, ಮೇಲೂ ಕೆಳಗೂ ಸ್ವಲ್ಪ ಬಿಟ್ಕೊಂಡಿರ್ಲಿ.

ಮರದ ಬಗ್ಗೆ ಒಂದು ಮಾತು. ಮಂಡ್ಯ ಕಡೆ ತೋಟದಲ್ಲಿ ಬಿದ್ದ ಹಲಸಿನ ಮರ ಸುಲಭಕ್ಕೆ ಸಿಗುತ್ತೆ, ಸ್ಟೂಲಿಗೆ ತುಂಬಾ ಒಳ್ಳೇ ಮರ, ಹದವಾಗಿ ಉಜ್ಜಿಸ್ಕೊಳ್ಳುತ್ತೆ, ಬಣ್ಣಾನೂ ಚಂದ. ಆದ್ರೆ ಹಸಿ ಮರಕ್ಕೆ ತೂತು ಹಾಕಿದ್ರೆ ಒಣಗ್ತಾ ಒಣಗ್ತಾ ತೂತು ದುಂಡಗಿದ್ದಿದ್ದು ಮೊಟ್ಟೆ ಆಕಾರಕ್ಕೆ ತಿರುಗುತ್ತೆ, ನೀವು ಎಷ್ಟೇ ಲೆಕ್ಕ ಹಾಕಿದ್ರೂ ಕಾಲು ಅಲ್ಲಾಡುತ್ತೆ. ಸೀಟು ಚೆನ್ನಾಗಿ ಒಣಗಿರ್ಲಿ, ಕಾಲು ಅದಕ್ಕಿಂತ ಇನ್ನೂ ಒಣಗಿರ್ಲಿ. ಕಾಲಿನ ತುದಿಗೆ ಬೆಣೆ ಹೊಡೆಯೋದಾದ್ರೆ ಬೆಣೆ ಸೀಟಿನ ನಾರಿಗೆ ಅಡ್ಡ ಬರೋ ಹಂಗೆ ಹೊಡೀರಿ, ನಾರಿನ ಉದ್ದಕ್ಕೇ ಹೊಡೆದ್ರೆ ಸೀಟು ಸೀಳುತ್ತೆ.

ಈಗ ಚೌಕದ ಕಾಲು, ಅಂದ್ರೆ ಸೀಟಿನ ಕೆಳಗೆ ಅಡ್ಡಪಟ್ಟಿ ಬರೋ ಥರದ್ದು. ಇಲ್ಲಿ ಒಂದು ದೊಡ್ಡ ಗೊಂದಲ ಇದೆ, ದಯವಿಟ್ಟು ಗಮನ ಕೊಡಿ. ಮೇಲೆ ಸಿಕ್ಕ 13.9 ಅನ್ನೋ ನಂಬರು ತೂತಿಗೆ ಮಾತ್ರ. ಚೌಕದ ಕಾಲನ್ನ ಮೈಟರ್ ಸಾ (ಟೇಬಲ್ ತಿರುಗ್ಸಿ, ಬ್ಲೇಡ್ ವಾಲ್ಸಿ ಓರೆಯಾಗಿ ಕೊಯ್ಯೋ ಮಿಷಿನ್) ಮೇಲೆ ಅಡ್ಡಡ್ಡ ಮಲಗಿಸಿ ತುದಿ ಕಟ್ ಮಾಡುವಾಗ ಅದನ್ನ ಸೆಟ್ ಮಾಡಿದ್ರೆ ಪೂರ್ತಿ ತಪ್ಪಾಗುತ್ತೆ. ಅಲ್ಲಿ ಕಾಲಿನ ಒಂದು ಮುಖ ಟೇಬಲ್ ಮೇಲೆ ಕೂತಿರೋದ್ರಿಂದ ಮಿಷಿನ್ನಿಗೆ ಎರಡು ಓರೇನೂ ಬೇರೆ ಬೇರೆ ಹೇಳ್ಬೇಕು: ಬ್ಲೇಡ್ ವಾಲ್ಸೋದು ಪಕ್ಕದಿಂದ ಕಾಣೋ ಓರೆಗೆ, ಅಂದ್ರೆ 10, ಟೇಬಲ್ ತಿರುಗ್ಸೋದು ಮುಂದಿಂದ ಕಾಣೋ ಓರೆಗೆ, ಅಂದ್ರೆ ಸರಿಯಾಗಿ ಹೇಳ್ಬೇಕಂದ್ರೆ 9.8. ಈ ಸಣ್ಣ ಕಡಿತ ಯಾಕಂದ್ರೆ ಮುಂದಿನ ಮುಖಾನೇ ಹಿಂದಕ್ಕೆ ವಾಲಿರೋದ್ರಿಂದ ಅದ್ರ ಮೇಲೆ ಗೆರೆ ಎಳೆದಾಗ ಆ್ಯಂಗಲ್ ಒಂದು ಚೂರು ಕಮ್ಮಿ ಬರುತ್ತೆ. 10 ಡಿಗ್ರೀಲಿ ಅದನ್ನ ಮರೆತು ಎರಡನ್ನೂ 10ಕ್ಕೆ ಇಟ್ರೆ ನಡೆಯುತ್ತೆ, 15ರಲ್ಲಿ 14.5 ಆಗುತ್ತೆ, ಅಲ್ಲಿ ಮರೀಬೇಡಿ. ಒಂದು ತುದಿ ಕಟ್ ಆದ್ಮೇಲೆ ಕಾಲನ್ನ ತಿರುಗಿಸ್ದೆ, ಉರುಳಿಸ್ದೆ, ಹಾಗೇ ಜರುಗ್ಸಿ ಇನ್ನೊಂದು ತುದಿ ಕಟ್ ಮಾಡಿ, ಎರಡೂ ತುದಿ ಒಂದಕ್ಕೊಂದು ಸಮಾನಾಂತರ ಬಂದೇ ಬರುತ್ತೆ. ಎರಡು ಕಡೆ ಓರೆ ಸಮ ಇದ್ರೆ ನಾಲ್ಕು ಕಾಲೂ ಒಂದೇ ಥರ, ಬೆಂಚಿನ ಥರ ಬೇರೆ ಬೇರೆ ಇದ್ರೆ ಎದುರುಬದುರು ಮೂಲೆಯವು ಒಂದೇ ಥರ, ಪಕ್ಕದವು ಕನ್ನಡಿ ಬಿಂಬದ ಥರ, ಅದನ್ನ ಕಟ್ ಮಾಡೋಕೆ ಮುಂಚೆ ಕಾಲಿನ ಮೇಲೇ ಎಡ ಬಲ ಅಂತ ಬರ್ದಿಡಿ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಯಾರೂ ಬಿಡಿಸಿ ಹೇಳಲ್ಲ, ಎಲ್ಲಾ ಆ್ಯಂಗಲ್ ಸರಿ ಹಾಕಿದ್ರೂ ಅಡ್ಡಪಟ್ಟಿ ಹತ್ರ ಕೂದಲೆಳೆ ಗ್ಯಾಪ್ ಯಾಕೆ ಬಂತು ಅಂತ ತಲೆ ಕೆರ್ಕೊಳೋರಿಗೆ ಉತ್ತರ ಇಲ್ಲಿದೆ. ಚೌಕದ ಕಾಲು ಮೂಲೆ ಕಡೆಗೆ ವಾಲಿದಾಗ ಅದನ್ನ ನೆಲಕ್ಕೆ ಸಮಾನಾಂತರ ಕೊಯ್ದು ನೋಡಿದ್ರೆ ಒಳಗೆ ಚೌಕ ಇರಲ್ಲ, ವಜ್ರದಾಕಾರ ಆಗಿರುತ್ತೆ. ಆದ್ರೆ ಅಡ್ಡಪಟ್ಟಿಗಳು ಒಂದಕ್ಕೊಂದು ಮೂಲೆಮಟ್ಟದಲ್ಲೇ ಸೇರ್ಬೇಕು. 10-10 ಓರೆಗೆ ಪ್ರತಿ ಮುಖ 0.9 ಡಿಗ್ರಿಯಷ್ಟು ತಪ್ಪುತ್ತೆ, 40 ಎಂಎಂ ಕಾಲಲ್ಲಿ ಅದು 0.6 ಎಂಎಂ ಗ್ಯಾಪು. 5-5 ಓರೇಲಿ 0.15 ಎಂಎಂ ಅಷ್ಟೇ, ಅಲ್ಲಿ ತಲೆ ಕೆಡಿಸ್ಕೋಬೇಡಿ. 10 ಮುಟ್ಟಿದ್ರೆ ಕಾಲನ್ನೇ ಮೊದ್ಲು ಹದ ಮಾಡ್ಬೇಕು, 10-10 ಓರೆಗೆ ಹೊರಮೂಲೆ 90ರ ಬದಲು 91.7 ಡಿಗ್ರಿ ಇರ್ಬೇಕು. ಕೈ ರಂದದಲ್ಲೇ ಆಗುತ್ತೆ: ಎದುರುಬದುರು ಎರಡು ಮುಖ ಮಾತ್ರ ತಗೊಳಿ, ಒಂದರಲ್ಲಿ ಹೊರಮೂಲೆ ಅಂಚಿಂದ 1.2 ಎಂಎಂ, ಅದ್ರ ಎದುರು ಮುಖದಲ್ಲಿ ಒಳಮೂಲೆ ಅಂಚಿಂದ 1.2 ಎಂಎಂ, ಇನ್ನೊಂದು ಅಂಚಿಗೆ ಬರ್ತಾ ಸೊನ್ನೆ ಆಗೋ ಹಂಗೆ ಇಳಿಜಾರಾಗಿ ಉಜ್ಜಿ. ಮೊದ್ಲು ಕಾಲಿನ ಎರಡೂ ತುದೀಲಿ ಪೆನ್ಸಿಲಲ್ಲಿ ಆ ಆಕಾರ ಬರ್ಕೊಂಡು ಗೆರೆಯಿಂದ ಗೆರೆಗೆ ಉಜ್ತಾ ಹೋದ್ರೆ ಕಷ್ಟ ಇಲ್ಲ. ಇದಾದ್ಮೇಲೇ ತುದಿ ಕಟ್ಟಿಂಗು, ಉಲ್ಟಾ ಮಾಡ್ಬೇಡಿ.

ಅಡ್ಡಪಟ್ಟಿ ತುದಿಗಳಿಗೂ ಟೇಬಲ್ ಮೇಲೆ ಅದೇ 9.8, ಬ್ಲೇಡ್ ಹೆಚ್ಚೂಕಮ್ಮಿ ನೆಟ್ಟಗೆ, ಕಾಲು ಹದ ಮಾಡಿದ್ರೆ ಮಾತ್ರ 1.7 ವಾಲ್ಸಿ. ಪಟ್ಟಿಯ ಕೆಳ ಅಂಚು ಮೇಲಿನ ಅಂಚಿಗಿಂತ ಉದ್ದ ಬರುತ್ತೆ, 60 ಎಂಎಂ ಅಗಲದ ಪಟ್ಟಿಗೆ ಸುಮಾರು 20 ಎಂಎಂ ಜಾಸ್ತಿ. ಮೇಲಿನ ಅಂಚನ್ನ 10 ಡಿಗ್ರಿ ಓರೆ ಉಜ್ಜಿದ್ರೇನೇ ಸೀಟಿಗೆ ಪೂರ್ತಿ ಅಂಟಿ ಕೂರೋದು. ಒಳ್ಳೇ ಮರ ಮುಟ್ಟೋಕೆ ಮುಂಚೆ ಸಿಲ್ವರ್ ಓಕ್ ಚೂರಲ್ಲೋ ಪ್ಯಾಕಿಂಗ್ ಮರದಲ್ಲೋ ಒಂದು ಕಾಲು, ಎರಡು ಅಡ್ಡಪಟ್ಟಿ ಮಾಡಿ ಮೂಲೆ ಜೋಡ್ಸಿ ನೋಡಿ. ತೇಗ ಕಟ್ ಆದ್ಮೇಲೆ ಯೋಚನೆ ಮಾಡಿ ಏನೂ ಪ್ರಯೋಜನ ಇಲ್ಲ.

ಕೊನೇದು ಪಾದ ಮಟ್ಟ ಮಾಡೋದು. ಗುಂಡು ಕಾಲಿಗೆ ತುದಿ ಆ್ಯಂಗಲ್ ಲೆಕ್ಕ ಹಾಕೋಕೇ ಹೋಗ್ಬೇಡಿ, ಕಾಲೆಲ್ಲ ಅಂಟ್ಸಿ ಒಣಗಿದ ಮೇಲೆ ಗೆರೆ ಎಳೆದು ಕಟ್ ಮಾಡೋದೇ ಸರಿ. ಅಡುಗೆಮನೆ ಕಡಪ ಕಲ್ಲೋ ಗ್ರಾನೈಟೋ, ಪೂರ್ತಿ ಸಪಾಟಾಗಿರೋ ಜಾಗದಲ್ಲಿ ಸ್ಟೂಲ್ ನಿಲ್ಸಿ ಮೊದ್ಲು ಕಲ್ಲಿನ ಮೇಲೇ ರಸಮಟ್ಟ ಇಟ್ಟು ನೋಡಿ, ಆಮೇಲೆ ಸೀಟಿನ ಮೇಲೆ ಎರಡೂ ದಿಕ್ಕಿಗೆ ಇಟ್ಟು ಗುಳ್ಳೆ ಕಲ್ಲಲ್ಲಿ ತೋರ್ಸಿದ ಜಾಗಕ್ಕೇ ಬರೋವರೆಗೂ ಕಾಲಿನ ಕೆಳಗೆ ಸಣ್ಣ ಬೆಣೆ ತುರುಕಿ. ನೆಲದಿಂದ ಸೀಟಿನ ಮೇಲಕ್ಕೆ ಎಷ್ಟಿದೆ ಅಳೀರಿ, 440ಕ್ಕಿಂತ ಎಷ್ಟು ಜಾಸ್ತಿ ಇದ್ಯೋ ಅಷ್ಟೇ ದಪ್ಪದ ಒಂದು ಮರದ ತುಂಡು ತಗೊಂಡು ಅದ್ರ ಮೇಲೆ ಪೆನ್ಸಿಲ್ ಒತ್ತಿಹಿಡಿದು, ತುಂಡನ್ನ ಕಲ್ಲಿನ ಮೇಲೆ ಜಾರಿಸ್ತಾ ಪ್ರತಿ ಕಾಲಿನ ಸುತ್ತ ಗೆರೆ ಎಳೀರಿ. ಪೆನ್ಸಿಲ್ ಮೊನೆ ತುಂಡಿನ ಮೇಲ್ಮಟ್ಟಕ್ಕೇ ಇರ್ಲಿ, ಇಲ್ಲಾಂದ್ರೆ ಒಂದೆರಡು ಎಂಎಂ ಮೇಲೆ ಬರುತ್ತೆ. ಸಣ್ಣ ಹಲ್ಲಿನ ಗರಗಸದಲ್ಲಿ ಗೆರೆಯ ಹೊರಗಡೆಯಿಂದ, ಎಲ್ಲಾ ಕಡೆಯಿಂದ ಸ್ವಲ್ಪ ಸ್ವಲ್ಪ ಸುತ್ತಿ ಬರ್ತಾ ಕೊಯ್ದು, ಪಾದದ ಅಂಚನ್ನ ಮರಳು ಕಾಗದದಲ್ಲಿ ಒಂದು ಸುತ್ತು ಮುರೀರಿ, ಇಲ್ಲಾಂದ್ರೆ ಸ್ಟೂಲ್ ಎಳೆದಾಗ ಆ ಚೂಪು ಅಂಚು ಟೈಲ್ಸಿಗೆ ಸಿಕ್ಕಿ ಸಿಬಿರು ಎದ್ದು ಬರುತ್ತೆ.